ಕೋಟಿನೊಳಗೆ ಯಾರೂ ಇರಲಿಲ್ಲ

ಡಾಮ್ಸನ್ ನಾಪ್ವಂಗಾ ನ್ಯಾಯಾಲಯದ ಹೊರಗಿನ ಬೆಂಚಿನಿಂದ ಹದಿನೇಳನೆಯ ಸಲ ಎದ್ದು ನಿಂತ. ಕೂತರೆ ಬಲಗಾಲು ತಾನಾಗಿಯೇ ಕುಣಿಯುತ್ತಿತ್ತು. ಕಾಲಿನ ಕುಣಿತಕ್ಕೆ ಬೆಂಚು, ಬೆಂಚಿನ ಕುಣಿತಕ್ಕೆ ಗೋಡೆ, ಇನ್ನೊಂದು ಗಳಿಗೆ ಹೀಗೇ ಬಿಟ್ಟಿದ್ದರೆ ಜೊಂಬಾ ಬೆಟ್ಟವೇ ಸಡಿಲಗೊಂಡು ಊರಿನ ತಲೆಯ ಮೇಲೆ ಬಂದು ಕೂರುತ್ತಿತ್ತು. ಊರನ್ನು ಉಳಿಸಲೆಂದೇ ಎದ್ದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಎದ್ದ ಮೇಲೆ ಕೈಗಳನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಕೋಟಿದ್ದ ಕಾಲದಲ್ಲಿ ಕೈಗಳಿಗೆ ಜೇಬಿತ್ತು. ಎದುರಿನ ಹುಲ್ಲಿನ ಮೇಲೆ ನಲವತ್ತು ಜನ ಕೂತು ಎಣ್ಣೆಯಲ್ಲಿ ಕರಿದ ಮಂದಾಸಿ ತಿನ್ನುತ್ತಿದ್ದರು. ಆ ನಲವತ್ತು ಬಾಯಿಗಳೂ ತನ್ನನ್ನೇ ಅಗಿಯುತ್ತಿವೆ ಅನ್ನಿಸಿತು. ಎರಡು ವರ್ಷದಿಂದ ಅಗಿಯುತ್ತಲೇ ಇದ್ದವು, ಇನ್ನೂ ನುಂಗಿರಲಿಲ್ಲ, ಅಷ್ಟೇ.

"ಡಾಮ್ಸನ್ ಅಣ್ಣಾ, ಬಾ, ಒಂದು ಮಂದಾಸಿ ತಿನ್ನು," ಎಂದು ಸ್ಟಾಂಡ್‌ವೆಲ್ ಮ್ಫಾಂಡೆ ಕೂಗಿದ. ನಲವತ್ತು ಜನರ ಮುಂದಾಳು ಅವನು. ಕೆಲಸ ಹೋದಂದಿನಿಂದ ಕೇಸಿನ ಕಾಗದಗಳನ್ನು ಹೆಂಡತಿಗಿಂತ ಹೆಚ್ಚಾಗಿ ಅಪ್ಪಿಕೊಂಡು ಮಲಗುತ್ತಿದ್ದವನು.

"ಕೊಡಬೇಡ್ರೋ, ತಿಂದ್ರೆ ಮತ್ತೆ ಅಲ್ಲಿಗೇ ಓಡ್ತಾನೆ! ಜಡ್ಜ್ ಸಾಹೇಬ್ರು ಕರೆದಾಗ ಬಾಗಿಲ ಹಿಂದಿನಿಂದ 'ಬಂದೇ ಬಂದೇ' ಅಂತಾನೆ," ಎಂದ ಮತ್ತೊಬ್ಬ. ಹುಲ್ಲೆಲ್ಲ ನಕ್ಕಿತು.

"ನಗ್ರಿ, ನಗ್ರಿ. ಸಂಜೆಗೆ ನನ್ನ ಹೊಟ್ಟೆಯಿಂದಾನೇ ನಿಮ್ಮ ಹೊಟ್ಟೆ ತುಂಬೋದು," ಎಂದ ಡಾಮ್ಸನ್. ಮಾತು ಎಂದಿನಂತೆ ಸಿಡಿಯಿತು. ವಕೀಲೆ ಮಿಸೆಸ್ ಕಲೊಂಗಾ ಮೂರೇ ಮೂರು ಮಾತು ಕಲಿಸಿದ್ದರು. ನಾನು ಕಚೇರಿಯಲ್ಲೇ ಇದ್ದೆ. ಹೊಟ್ಟೆ ಕೆಟ್ಟು ಕಕ್ಕಸಿಗೆ ಹೋದೆ. ವಾಪಸು ಬಂದೆ. "ನಾಲ್ಕನೇ ಮಾತು ಆಡಬೇಡಿ, ಬ್ವಾನಾ ನಾಪ್ವಂಗಾ. ನಿಮ್ಮ ನಾಲ್ಕನೇ ಮಾತಿನ ಬಗ್ಗೆ ನಾನು ಕೇಳಿದ್ದೀನಿ." ಇಡೀ ಮಲಾವಿ ಕೇಳಿತ್ತು. ಅವನು ಹಿಡಿದ ಮೀನು ಅಂಗೈಯಿಂದ ಮೊಣಕೈವರೆಗೆ, ಮೊಣಕೈಯಿಂದ ಭುಜದವರೆಗೆ ಬೆಳೆದು, ಮೂರನೇ ಸಲ ಹೇಳುವ ಹೊತ್ತಿಗೆ ದೋಣಿಯನ್ನೇ ಎಳೆದುಕೊಂಡು ಹೋಗುತ್ತಿತ್ತು. ಅಂಥವನ ಬೆನ್ನ ಮೇಲೆ ಈಗ ನಲವತ್ತು ಸಂಸಾರ ಕೂತಿದ್ದವು, ಅದೂ ಮೂರು ಮಾತಿನ ಜೀನು ಹಾಕಿಕೊಂಡು.

ಮೂರರಲ್ಲಿ ಒಂದೂ ನಿಜವಲ್ಲವೆಂದು ಅವನೊಬ್ಬನಿಗೆ ಗೊತ್ತಿತ್ತು. ಇಲ್ಲ, ಮೂರನೆಯದು ನಿಜ, ವಾಪಸು ಬಂದದ್ದು ನಿಜ. ಬಂದಾಗ ಹೊಸ ಡೈರೆಕ್ಟರ್ ಅವನ ಕುರ್ಚಿಯಲ್ಲೇ ಕೂತು, ಅವನ ಕೋಟಿಗೇ ಒರಗಿ, ಕೈಗಡಿಯಾರ ನೋಡುತ್ತಿದ್ದರು. ಡಾಮ್ಸನ್ ಮತ್ತು ಆ ನಲವತ್ತು ಜನ ದುಡಿಯುತ್ತಿದ್ದ ಸರ್ಕಾರಿ ನಮೂನೆಗಳ ಉಗ್ರಾಣವೆಂದರೆ ಸಣ್ಣ ಕಚೇರಿಯಲ್ಲ. ಹುಟ್ಟಿದ್ದಕ್ಕೆ, ಸತ್ತದ್ದಕ್ಕೆ, ಹಸು ಕಳೆದದ್ದಕ್ಕೆ, ಸಿಕ್ಕಿದ್ದಕ್ಕೆ, ದೇಶದಲ್ಲಿ ಏನೇ ಆಗಬೇಕಿದ್ದರೂ ಒಂದು ಖಾಲಿ ಕಾಗದ ಇಲ್ಲಿಂದ ಹೋಗಬೇಕು. ಇವರು ಕಟ್ಟು ಬಿಚ್ಚದ ದಿನ ಸೂರ್ಯನೂ ಅರ್ಜಿ ಸಿಗದೆ ಬೆಟ್ಟದ ಹಿಂದೆ ಕಾಯುತ್ತಾನೆ ಎಂದು ಡಾಮ್ಸನ್ ಮದುವೆಮನೆಗಳಲ್ಲಿ ಹೇಳುತ್ತಿದ್ದ. ಕೆಲಸದಿಂದ ತೆಗೆದು ಬಂದ ನಲವತ್ತೊಂದು ಕಾಗದಗಳೂ ಅವನೇ ಕಟ್ಟು ಕಟ್ಟಿ ಕಪಾಟಿನ ಕೆಳಸಾಲಿನಲ್ಲಿ ಜೋಡಿಸಿದ್ದ ಹಳದಿ ನಮೂನೆಗಳು. ತನ್ನದನ್ನು ಕೈಗೆತ್ತಿಕೊಂಡಾಗ ಮೊದಲು ಹೊಳೆದದ್ದು, ಅಂಚು ನೀಟಾಗಿ ಕತ್ತರಿಸಿದ್ದೇನೆ ಎಂಬ ಹೆಮ್ಮೆ. ಆಮೇಲೆ ಓದಿದ. ಕಚೇರಿಯನ್ನು ಅನಾಥವಾಗಿ ಬಿಟ್ಟುಹೋದ ಅಪರಾಧ. ಜೊತೆಗೆ ಲಗತ್ತಿಸಿದ್ದ ಡೈರೆಕ್ಟರರ ವರದಿಯ ಒಂದು ವಾಕ್ಯ ಈಗ ಮಾರುಕಟ್ಟೆಯ ಟೊಮೆಟೊ ಮಾರುವ ಹೆಂಗಸರಿಗೂ ಬಾಯಿಪಾಠ: "ಒಂದು ಕುರ್ಚಿಯ ಮೇಲೆ ಒಂದು ಕೋಟು ಇತ್ತು; ಕೋಟಿನೊಳಗೆ ಯಾರೂ ಇರಲಿಲ್ಲ."

ಕುರ್ಚಿಗೆ ಕೋಟು ಹಾಕಿ ಹೊರಗೆ ಹೋಗುವುದು ಯಾರಿಗೆ ಗೊತ್ತಿಲ್ಲ? ಕೇಪ್ ಟೌನಿನಿಂದ ಕೈರೋವರೆಗೆ ಸರ್ಕಾರ ನಡೆಸುತ್ತಿರುವುದೇ ಕೋಟುಗಳು. ಆದರೆ ಡಾಮ್ಸನ್‌ನ ಕೋಟಿನ ಮುಂದೆ ಉಳಿದವು ಚಿಂದಿ. ಹಳೆಬಟ್ಟೆಯ ರಾಶಿಯಲ್ಲಿ ಹೆಕ್ಕಿದ ಕಂದು ಕೋಟು, ಒಳಗೆ ಯಾವುದೋ ಚಳಿದೇಶದ ದರ್ಜಿಯ ಹೆಸರು. ಅದನ್ನು ಕುರ್ಚಿಯ ಬೆನ್ನಿಗೆ ಹಾಕಿ, ಬಲತೋಳನ್ನು ಮೇಜಿನ ಮೇಲೆ ಮಡಿಸಿ, ಪಕ್ಕದಲ್ಲಿ ಮುಚ್ಚಳ ತೆಗೆದ ಪೆನ್ನಿಟ್ಟರೆ ಕೋಟು ಬರೆಯುತ್ತಿದೆ ಎಂದೇ ಅನ್ನಿಸಬೇಕು. ಆದರೂ ಕೋಟಿಗೆ ನಾಲಿಗೆ ಇರಲಿಲ್ಲ. ನಾಲಿಗೆ ಇದ್ದದ್ದು ಬಾಗಿಲ ಬಳಿಯ ಸ್ಟೂಲಿನ ಮೇಲೆ, ಜವಾನ ಲಿಕಾಂಗಾ ತಾತನ ಬಾಯಲ್ಲಿ. ಯಾರೇ ಬರಲಿ, ತಾತ ಅರ್ಧ ಎದ್ದು, ಟೊಪ್ಪಿ ತೆಗೆದು ಹೇಳುತ್ತಿದ್ದ: "ಬ್ವಾನಾ ಇಲ್ಲೇ ಇದಾರೆ, ಈಗಷ್ಟೇ ಹೊರಗೆ ಹೋದ್ರು. ಕೋಟು ಇಲ್ಲೇ ಇದೆ ನೋಡಿ." ಇಪ್ಪತ್ತಾರು ವರ್ಷ. ಆ ಮಾತಿನ ಮರೆಯಲ್ಲಿ ಡಾಮ್ಸನ್ ಕೋಳಿ ಮಾರಿದ, ಮನೆಗೆ ತಗಡು ಹೊದೆಸಿದ, ಎರಡು ಚುನಾವಣೆಗಳಲ್ಲಿ ಎರಡೂ ಪಕ್ಷಗಳ ಮೆರವಣಿಗೆಯಲ್ಲಿ ಕುಣಿದ.

"ಒಳಗೆ ಬರ್ಬೇಕಂತೆ," ಯಾರೋ ಅಂದರು. ಅವನ ಕಾಲುಗಳು ಹೊರಟವು.

ಕೋಣೆಯಲ್ಲಿ ಮೇಣ ಹಚ್ಚಿದ ನೆಲದ ವಾಸನೆ. ಎತ್ತರದಲ್ಲಿ ಮೂವರು, ನಡುವೆ ಬಿಳಿಗೂದಲಿನ ನ್ಯಾಯಾಧೀಶರು. ಕೆಳಗೆ ಮೇಜಿನ ಮೇಲೆ ಪಾರದರ್ಶಕ ಚೀಲದಲ್ಲಿ ಮಡಿಸಿಟ್ಟ ಕಂದು ಬಣ್ಣ. ಡಾಮ್ಸನ್‌ಗೆ ಅದು ಏನೆಂದು ಕಣ್ಣಿಗಿಂತ ಮೊದಲು ಹೆಗಲಿಗೆ ಗೊತ್ತಾಯಿತು. ಎರಡು ವರ್ಷ ಬೀಗದೊಳಗಿದ್ದೂ ಅವನ ಕೋಟು ಅವನಿಗಿಂತ ಚೆನ್ನಾಗಿ ಬಾಳಿತ್ತು. ಸಾಕ್ಷಿಗಳ ಸಾಲಿನ ತುದಿಯಲ್ಲಿ ಲಿಕಾಂಗಾ ಅಮ್ಮ ಕೂತಿದ್ದಳು, ತಾತನ ಹೆಂಡತಿ. ನಲವತ್ತು ಜನ ತಾತನ ಮಣ್ಣಿಗೆ ಬಂದಿದ್ದರೆಂದು ಹೇಳಲು ಅವಳನ್ನು ಕರೆಸಿದ್ದರು. ಅವಳು ತಲೆಯ ಬಟ್ಟೆ ಸರಿಮಾಡಿಕೊಂಡು ಅವನನ್ನು ನೋಡಿದಳು. ಹೀಗೇ ನೋಡಿದ್ದಳು ಅಂದೂ, ಗುಂಡಿಯ ಆಚೆಯಿಂದ, ಚಾಪೆಯ ಮೇಲೆ ಕೂತು. ನೋಡಿದ್ದಳೇ? ಆ ಪ್ರಶ್ನೆಗೆ ಎರಡು ವರ್ಷ ವಯಸ್ಸಾಗಿತ್ತು, ಹಲ್ಲು ಬಂದಿದ್ದವು, ಇರುಳೂ ಹಗಲೂ ಕಚ್ಚುತ್ತಿತ್ತು.

ತಾತ ಸತ್ತ ಸುದ್ದಿ ಸೋಮವಾರ ಬೆಳಿಗ್ಗೆ ಬಂತು, ಮಣ್ಣು ಮರುದಿನ. ಉಗ್ರಾಣದವರು ಸತ್ತರೆ ಮಣ್ಣಿಗೆ ಉಗ್ರಾಣವೆಲ್ಲ ಹೋಗಬೇಕು, ಒಬ್ಬ ಮಾತ್ರ ಉಳಿದು ಕಚೇರಿ ಕಾಯಬೇಕು. ಬಿಳಿಯರ ಕಾಲದಿಂದ ನಡೆದುಬಂದದ್ದು, ಯಾವ ಡೈರೆಕ್ಟರೂ ತಪ್ಪೆಂದಿರಲಿಲ್ಲ. ಯಾರು ಉಳಿಯುವುದು ಎಂದು ಎಲ್ಲರೂ ನೆಲ ನೋಡುತ್ತಿದ್ದಾಗ ಡಾಮ್ಸನ್ ಎದೆ ತಟ್ಟಿಕೊಂಡಿದ್ದ: "ನಡೀರಿ ಎಲ್ಲಾ. ನಾನೊಬ್ಬ ನಲವತ್ತು ಜನಕ್ಕೆ ಸಮ." ಲಾರಿ ಹೊರಟಿತು, ಹಾಡು ತಿರುವಿನಲ್ಲಿ ಕರಗಿತು. ಅವನು ಕೂತ. ಕೋಣೆ ತುಂಬ ದೊಡ್ಡದಾಯಿತು. ಬಾಗಿಲ ಬಳಿಯ ಖಾಲಿ ಸ್ಟೂಲು ಅವನನ್ನು ನೋಡುತ್ತಿತ್ತು. ಬೇರೆಯವರ ಮಣ್ಣಿಗೆ ಹೋಗದವನ ಮಣ್ಣಿಗೆ ಯಾರೂ ಬರುವುದಿಲ್ಲ, ಇದನ್ನು ನಮ್ಮಲ್ಲಿ ಮೊಲೆಹಾಲಿನ ಜೊತೆ ಕುಡಿಸುತ್ತಾರೆ. ಬೇರೆ ಯಾರದ್ದಾದರೂ ಆಗಿದ್ದರೆ ತಡೆದುಕೊಳ್ಳುತ್ತಿದ್ದ. ತನಗಾಗಿ ಒಂಬತ್ತು ಸಾವಿರ ಸಲ ಸುಳ್ಳು ಹೇಳಿದ ಮುದುಕ ಮಣ್ಣಿಗಿಳಿಯುವಾಗ ತಾನು ಕಪಾಟಿನ ಮುಂದೆ ಕೂತಿರುವುದೇ? ಕೋಟು ಕಳಚಿ ಕುರ್ಚಿಗೆ ಹಾಕಿದ, ತೋಳು ಮಡಿಸಿದ, ಪೆನ್ನಿನ ಮುಚ್ಚಳ ತೆಗೆದ. ಬಾಡಿಗೆ ಸೈಕಲಿನ ಹಿಂದೆ ಕೂತು ಹೋದ. ನಮ್ಮ ಮಸಣಗಳಲ್ಲಿ ಮರ ಕಡಿಯುವ ಹಾಗಿಲ್ಲ, ಅದಕ್ಕೇ ಅವು ಕಾಡಿನಂತೆ ಬೆಳೆದಿರುತ್ತವೆ. ಕಚೇರಿಯವರಿಗೆ ಕಾಣಬಾರದೆಂದು ಒಂದು ದಪ್ಪ ಮರದ ಹಿಂದೆ ನಿಂತ. ಹಾಡು ಏರಿದಾಗ ಅವನೂ ತುಟಿಯೊಳಗೇ ಹಾಡಿದ. ಎಲ್ಲರೂ ಮಣ್ಣು ಹಾಕಿ ತಿರುಗಿದ ಮೇಲೆ ಮರದ ಹಿಂದಿನಿಂದಲೇ ಒಂದು ಹಿಡಿ ಎಸೆದ. ಅರ್ಧವೂ ಗುಂಡಿಗೆ ಬೀಳಲಿಲ್ಲ. ಆಗ ಚಾಪೆಯ ಮೇಲಿದ್ದ ಲಿಕಾಂಗಾ ಅಮ್ಮ ತಲೆ ಎತ್ತಿದಳು. ವಾಪಸಾಗುವಾಗ ಸೈಕಲಿನ ಮೇಲೆ ಅವನಿಗೆ ಹಗುರಾಗಿತ್ತು, ಸೀಟಿ ಹೊಡೆದ. ಕೋಟಿನ ನಾಲಿಗೆಯನ್ನು ಈಗಷ್ಟೇ ಹೂತು ಬಂದಿದ್ದೇನೆ ಎಂಬುದು ಹೊಳೆಯಲೇ ಇಲ್ಲ.

"ಎಲ್ಲಿದ್ದೆ?" ಎಂದಿದ್ದರು ಡೈರೆಕ್ಟರು, ಕೋಟಿಗೆ ಒರಗಿದಲ್ಲಿಂದಲೇ.

"ಕಕ್ಕಸಿನಲ್ಲಿ, ಬ್ವಾನಾ."

ಎರಡು ಗಳಿಗೆಯಲ್ಲಿ ಹುಟ್ಟಿದ ಆ ಸುಳ್ಳು ಆಮೇಲೆ ಪ್ರಮಾಣಪತ್ರವಾಯಿತು, ಮೊಹರು ಬಿತ್ತು, ಹನ್ನೊಂದನೇ ಪ್ಯಾರಾ ಆಯಿತು. ನಿಜವನ್ನು ಆಡುವಂತಿರಲಿಲ್ಲ, ಒಬ್ಬ ಉಳಿದಿದ್ದ ಎಂಬುದರ ಮೇಲೆಯೇ ನಲವತ್ತೊಂದು ಜನರ ಅನ್ನ ನಿಂತಿತ್ತು. ಹಾಗಾಗಿ ಅವನು ಊರಿನ ಕಣ್ಣಿಗೆ ತಾತನ ಮಣ್ಣಿಗೆ ಬಾರದವನಾಗಿ ಉಳಿದ. ಕೊಟ್ಟ ಮಾತಿಗೆ ಉಳಿದನೆಂದು ಕಚೇರಿಯವರಿಗೆ ಗೊತ್ತಿತ್ತು. ಕೇರಿಯವರಿಗೆ ಅದು ಬೇಕಿರಲಿಲ್ಲ. ಕಳೆದ ವರ್ಷ ಅವನ ತಾಯಿ ತೀರಿಕೊಂಡಾಗ ಅಂಗಳದಲ್ಲಿ ಹಾಸಿದ ಚಾಪೆಗಳು ಹಾಸಿದಂತೆಯೇ ಇದ್ದವು. ಬಂದವರು ಹನ್ನೊಂದು ಜನ, ಅದರಲ್ಲಿ ನಾಲ್ವರು ಗುಂಡಿ ತೋಡುವವರು. ಅವರೂ ಮೊಣಕಾಲುದ್ದ ತೋಡಿ ಸಲಿಕೆ ನೆಟ್ಟು ಕೂತರು. "ನೀನು ಯಾರ ಗುಂಡಿಗೆ ಬಂದಿದ್ದೆಯಪ್ಪಾ, ನಾವು ನಿನ್ನ ಗುಂಡಿ ತೋಡೋಕೆ?" ಡಾಮ್ಸನ್ ಅಂಗಿ ಬಿಚ್ಚಿ ತಾನೇ ಗುಂಡಿಗಿಳಿದು ತಾಯಿಗೆ ತೋಡಿದ. ಆವತ್ತು ಮಾತ್ರ ಅವನು ಯಾವುದನ್ನೂ ದೊಡ್ಡದು ಮಾಡಿ ಹೇಳಲಿಲ್ಲ. ಹೆಂಡತಿ ಎನಿಫಾ ಇಂದು ಬೆಳಿಗ್ಗೆ ಅವನ ಅಂಗಿಗೆ ಗುಂಡಿ ಹೊಲಿಯುತ್ತ ಹೇಳಿದ್ದಳು: "ಕೆಲಸ ಸಿಕ್ಕರೆ ಒಳ್ಳೇದೇ ಕಣ್ರೀ. ಆದ್ರೆ ನಾನು ಸತ್ರೆ ನನ್ನನ್ನ ಯಾರು ಹೊರ್ತಾರೆ, ಆ ನಿಮ್ಮ ಕೋಟಾ?"

ಪ್ರಮಾಣ ಮಾಡಿಸಿದರು. ಮೂರು ಮಾತು ಹೇಳಿದ. ಮಿಸೆಸ್ ಕಲೊಂಗಾ ತೃಪ್ತಿಯಿಂದ ಕೂತರು. ಸರ್ಕಾರಿ ವಕೀಲ ಎದ್ದ. ಚಿಕ್ಕ ವಯಸ್ಸು, ಶೂ ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ಡಾಮ್ಸನ್‌ಗೆ ತನ್ನ ಮುಖ ಕಂಡಿತು, ತಲೆಕೆಳಗಾಗಿ.

"ಡೈರೆಕ್ಟರ್ ಸಾಹೇಬರು ಹತ್ತೂವರೆಗೆ ಬಂದರು. ಹನ್ನೆರಡರವರೆಗೆ ಕೂತರು. ಒಂದೂವರೆ ಗಂಟೆ ನೀವು ಕಕ್ಕಸಿನಲ್ಲಿದ್ದಿರಿ?"

"ಹೌದು."

"ಏನು ತಿಂದಿದ್ದಿರಿ?"

"ಹುರುಳಿಕಾಯಿ ಬೀಜ... ಹಳಸಿದ್ದು."

"ನೀರಿತ್ತೇ ಅಲ್ಲಿ?" ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಕೂಗಿದಿರಾ ಸಹಾಯಕ್ಕೆ? ಬಾಗಿಲು ಎಷ್ಟು ಹೆಜ್ಜೆ ದೂರ? ಡೈರೆಕ್ಟರ್ ಸಾಹೇಬರು ನಿಮ್ಮ ಹೆಸರು ಹಿಡಿದು ಮೂರು ಸಲ ಕೂಗಿದ್ದಾರೆ. ಕೇಳಿಸಲಿಲ್ಲವೇ?"

"ಕೇಳಿಸ್ತು, ಸ್ವಾಮಿ... ಎದ್ದು ಬರೋ ಸ್ಥಿತಿಯಲ್ಲಿ ಇರಲಿಲ್ಲ."

ನಗೆ ಈಗ ಬಹಿರಂಗವಾಗಿಯೇ ಹರಡಿತು. ಪೊಲೀಸನೂ ನಕ್ಕ, ಟೈಪು ಮಾಡುವವಳೂ ನಕ್ಕಳು, ಗೋಡೆಯ ಮೇಲಿನ ಅಧ್ಯಕ್ಷರ ಫೋಟೋ ಕೂಡ ತುಟಿ ಬಿಗಿಹಿಡಿದಂತೆ ಕಂಡಿತು. ಡಾಮ್ಸನ್‌ನ ಬಲಗಾಲು ಕಟಕಟೆಯೊಳಗೆ ಕುಣಿಯತೊಡಗಿತು. ತಡೆದುಕೋ. ನಲವತ್ತು ಮನೆ. ಸ್ಟಾಂಡ್‌ವೆಲ್‌ನ ಮಗಳ ಶಾಲೆ. ತಡೆದುಕೋ. ಇದಕ್ಕಿಂತ ದೊಡ್ಡ ಅವಮಾನವನ್ನು ಮಣ್ಣಿನೊಳಗೆ ನಿಂತು ತೋಡಿದವನು ನೀನು.

"ಕೊನೆಯ ಪ್ರಶ್ನೆ," ಎಂದ ವಕೀಲ, ಮೆಲ್ಲಗೆ, ಸಾಕಿದ ಬೆಕ್ಕನ್ನು ಸವರುವಂತೆ. "ಇಪ್ಪತ್ತಾರು ವರ್ಷ ನಿಮ್ಮ ಬಾಗಿಲು ಕಾದ ಮುದುಕನನ್ನು ಗುಂಡಿಗಿಳಿಸುವ ಹೊತ್ತಿನಲ್ಲಿ ನೀವು ಕಕ್ಕಸಿನಲ್ಲಿ ಕೂತಿದ್ದಿರಿ. ಆತನ ಹೆಂಡತಿ ಇಲ್ಲೇ ಇದ್ದಾರೆ. ಅವರ ಮುಖ ನೋಡಿ ಹೌದೆನ್ನಿ."

ಡಾಮ್ಸನ್ ನೋಡಿದ. ಅವಳು ಕಣ್ಣು ಮಿಟುಕಿಸಲಿಲ್ಲ.

"ಇಲ್ಲ," ಎಂದ. ತನ್ನ ಧ್ವನಿ ಯಾರದೋ ಅನ್ನಿಸಿತು. "ನಾನು ಮಣ್ಣಿಗೆ ಹೋಗಿದ್ದೆ. ಕೋಟು ಬಿಟ್ಟು ಹೋಗಿದ್ದೆ. ಮರದ ಹಿಂದೆ ನಿಂತಿದ್ದೆ."

ಕೋಣೆ ಒಡೆಯಿತು. "ಸುಳ್ಳು!" ಸ್ಟಾಂಡ್‌ವೆಲ್ ನಿಂತೇಬಿಟ್ಟಿದ್ದ. "ಮಹಾಸ್ವಾಮಿ, ಇವನು ಹುಟ್ಟಾ ಬಡಾಯಿಕೋರ! ನಾವು ನಲವತ್ತು ಜನ ಅಲ್ಲಿದ್ವಿ, ಒಬ್ಬನೂ ಇವನನ್ನ ನೋಡಿಲ್ಲ!" "ಬಂದೇ ಇಲ್ಲ ಅವನು!" "ಮರ್ಯಾದೆ ಉಳಿಸ್ಕೊಳ್ಳೋಕೆ ಹೇಳ್ತಿದಾನೆ!" ನಲವತ್ತು ಗಂಟಲು. ಸರ್ಕಾರಿ ವಕೀಲನ ಮುಖ ಹಬ್ಬದಂತೆ ಬೆಳಗಿತು. ಮಿಸೆಸ್ ಕಲೊಂಗಾ ಹಣೆ ಹಿಡಿದುಕೊಂಡರು. ನ್ಯಾಯಾಧೀಶರು ಮೇಜು ಕುಟ್ಟಿ ಎಲ್ಲರನ್ನೂ ಕೂರಿಸಿ, ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು.

"ಮಣ್ಣಿಗೆ ಎಷ್ಟು ಜನ ಬಂದಿದ್ದರು, ಹೇಳಿ."

ಲೆಕ್ಕ ಅವನಿಗೆ ಗೊತ್ತಿತ್ತು. ನೂರಿಪ್ಪತ್ತು ಇದ್ದಿರಬಹುದು. ಆದರೆ ತಾತನ ಮಣ್ಣು. ಅವಳು ಕೂತು ಕೇಳುತ್ತಿದ್ದಾಳೆ. ಐವತ್ತು ವರ್ಷದ ನಾಲಿಗೆ ತನ್ನ ಹಳೆಯ ದಾರಿ ಹಿಡಿಯಿತು. "ಎರಡು ಸಾವಿರ, ಮಹಾಸ್ವಾಮಿ. ಕಡಿಮೆ ಅಂದ್ರೆ."

"ಎರಡು ಸಾವಿರ. ಆ ಮರ?"

"ಹತ್ತು ಜನ ಕೈ ಕೈ ಹಿಡಿದ್ರೂ ಸುತ್ತೋಕಾಗಲ್ಲ. ಹಾಡು ಮೊಜಾಂಬಿಕ್‌ವರೆಗೂ ಕೇಳಿಸ್ತು." ಹೇಳುತ್ತ ಹೇಳುತ್ತ ತನ್ನ ನಿಜ ತನ್ನ ಕೈಯಲ್ಲೇ ಉಬ್ಬಿ, ಮೀನಿನಂತೆ ಜಾರಿ, ದೋಣಿಯನ್ನೂ ಎಳೆದುಕೊಂಡು ಹೋಗುತ್ತಿರುವುದು ಅವನಿಗೆ ಕಂಡಿತು. ಹಿಡಿಯಲು ಆಗಲಿಲ್ಲ. ನ್ಯಾಯಾಧೀಶರು ಏನನ್ನೋ ಬರೆದುಕೊಂಡರು. ಪಕ್ಕದವರು ನಗೆ ತಡೆಯಲು ಕೆಮ್ಮಿದರು. ಮಿಸೆಸ್ ಕಲೊಂಗಾ ಎಚ್ಚರಗೊಂಡವರಂತೆ ಎದ್ದು ಮುಂದಿನ ಸಾಕ್ಷಿಯನ್ನು ಕರೆದರು.

ಲಿಕಾಂಗಾ ಅಮ್ಮ ಮೆಲ್ಲಗೆ ಕಟಕಟೆ ಹತ್ತಿದಳು. ಬೈಬಲ್ ಮೇಲೆ ಕೈಯಿಟ್ಟಳು. ಬೆಂಚಿಗೆ ಮರಳಿದ್ದ ಡಾಮ್ಸನ್‌ನ ಕಾಲು ಆ ದಿನ ಮೊದಲ ಬಾರಿ ನಿಂತಿತು. ಹೇಳು ತಾಯಿ. ಹೇಳಬೇಡ ತಾಯಿ. ಎರಡನ್ನೂ ಒಟ್ಟಿಗೆ ಬೇಡಿಕೊಂಡ. ಅಷ್ಟು ಜೋರಾಗಿ ಬೇಡಿಕೊಂಡದ್ದಕ್ಕೆ ದೇವರಿಗೂ ಗೊಂದಲವಾಗಿರಬೇಕು.

"ಅಮ್ಮಾ, ನಿಮ್ಮ ಯಜಮಾನರ ಮಣ್ಣಿಗೆ ಉಗ್ರಾಣದಿಂದ ಎಷ್ಟು ಜನ ಬಂದಿದ್ದರು?"

"ನಲವತ್ತು."

"ಖಚಿತವಾಗಿ?"

"ನಾನು ಎಣಿಸಿದ್ದೆ. ಅಳೋಕೆ ಕಣ್ಣೀರು ಮುಗಿದಿತ್ತು, ಎಣಿಸ್ತಾ ಕೂತಿದ್ದೆ. ನಲವತ್ತು."

"ಈ ನಾಪ್ವಂಗಾ ಅವರನ್ನು ನೋಡಿದಿರಾ?"

ಅವಳು ಡಾಮ್ಸನ್‌ನನ್ನು ನೋಡಲಿಲ್ಲ. ಮೇಜಿನ ಮೇಲಿನ ಚೀಲವನ್ನು ನೋಡಿದಳು. "ಬ್ವಾನಾ ಕಚೇರಿಯಲ್ಲೇ ಇದ್ರು," ಎಂದಳು. "ಕೋಟು ಅಲ್ಲೇ ಇತ್ತಂತಲ್ಲ."

ಊಟದ ನಂತರ ತೀರ್ಪು ಓದಿದರು. ಸಾಕ್ಷಿಯ ಮೂಲ ಪ್ರಮಾಣಪತ್ರವನ್ನೇ ಒಪ್ಪಲಾಗಿದೆ. ಕಟಕಟೆಯಲ್ಲಿ ಅವನು ಆಡಿದ ಮಾತು ಎರಡು ಸಾವಿರ ಜನರ ಮಸಣದಷ್ಟೇ ನಂಬಲರ್ಹ. ಮನುಷ್ಯ ಕಕ್ಕಸಿನ ನಾಚಿಕೆಯಿಂದ ತಪ್ಪಿಸಿಕೊಳ್ಳಲು ಮಸಣದ ಗೌರವವನ್ನು ಹೇಳಿಕೊಳ್ಳುವುದು ಅರ್ಥವಾಗುವಂಥದ್ದು, ಅದಕ್ಕೆ ಶಿಕ್ಷೆ ವಿಧಿಸುವುದಿಲ್ಲ. ಕಚೇರಿ ಅನಾಥವಾಗಿರಲಿಲ್ಲ. ನಲವತ್ತೊಂದು ಜನರನ್ನೂ ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕು. ಕೋಟನ್ನು ಅದರ ಯಜಮಾನನಿಗೆ ಒಪ್ಪಿಸಬೇಕು.

ಹೊರಗೆ ಹುಲ್ಲಿನ ಮೇಲೆ ಹೆಂಗಸರು ನಾಲಿಗೆ ಹೊರಳಿಸಿ ಕೂಗು ಹಾಕಿದರು, ಗಂಡಸರು ಸ್ಟಾಂಡ್‌ವೆಲ್‌ನನ್ನು ಹೆಗಲ ಮೇಲೆ ಹೊತ್ತರು. ಆ ಗದ್ದಲಕ್ಕೆ ಬೆಟ್ಟದ ಮೇಲಿನ ಕೋತಿಗಳು ಅರ್ಧ ದೇಶ ದಾಟಿ ಓಡಿದವು. ಬಂದವರೆಲ್ಲ ಡಾಮ್ಸನ್‌ನ ಬೆನ್ನಿಗೆ ಗುದ್ದಿ ಹೋದರು. "ಎಂಥಾ ಸುಳ್ಳು ಬಿಟ್ಟೆಯೋ ಅಣ್ಣಾ, ನಮ್ಮನ್ನ ಮುಳುಗಿಸ್ತಿದ್ದೆಯಲ್ಲೋ! ಮರವಂತೆ ಮರ!" ಅವನು ನಕ್ಕ, ನಗಬೇಕಾಗಿತ್ತು. ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ನಿಂತಿದ್ದ. ಸೋಮವಾರ ಕುರ್ಚಿ ಸಿಗುತ್ತದೆ. ಅವನು ತಾತನ ಮಣ್ಣಿಗೆ ಬರಲಿಲ್ಲವೆಂಬುದು ಇನ್ನು ಬರೀ ಕೇರಿಯ ಮಾತಲ್ಲ. ಮೊಹರು ಬಿದ್ದಿದೆ, ಮೂವರು ಸಹಿ ಹಾಕಿದ್ದಾರೆ. ಎನಿಫಾಗೆ ಏನೆನ್ನುವುದು? ಕಾಲು ಮತ್ತೆ ಕುಣಿಯತೊಡಗಿತು.

ಲಿಕಾಂಗಾ ಅಮ್ಮ ಗೇಟಿನ ಬಳಿ ಮಿನಿಬಸ್ಸಿಗೆ ಕಾಯುತ್ತಿದ್ದಳು. ಅವನು ಹೋಗಿ ಪಕ್ಕದಲ್ಲಿ ನಿಂತ.

"ಹಾಕ್ಕೊಳ್ಳಿ, ಗಾಳಿ ಇದೆ," ಎಂದಳು ಅವಳು.

ಹಾಕಿಕೊಂಡ. ಹೆಗಲಿನಲ್ಲಿ ಸಡಿಲಾಗಿತ್ತು.

"ನಮ್ಮ ಯಜಮಾನ್ರು ಇಪ್ಪತ್ತಾರು ವರ್ಷ ಹೇಳಿದ್ದನ್ನ ನಾನು ಒಂದೇ ಸಲ ಹೇಳಿದೆ, ಬ್ವಾನಾ. ಅದೇನು ದೊಡ್ಡದಲ್ಲ." ಬಸ್ಸು ಬಂತು. ಅವಳು ಬಾಗಿಲ ಸರಳು ಹಿಡಿದು ಒಂದು ಕಾಲು ಮೇಲಿಟ್ಟು, ತಲೆಬಟ್ಟೆಯಡಿಯಿಂದ ತಿರುಗಿ ನೋಡಿದಳು. "ಆದ್ರೆ ಎಣಿಸಿದ್ದು ಮಾತ್ರ ನಿಜ. ನಲವತ್ತೊಂದು."

ಡಾಮ್ಸನ್ ಬಾಯಿ ತೆರೆದ. ಆ ಸಂಖ್ಯೆಗೆ ಸೇರಿಸಲು ಅವನ ಬಳಿ ಏನೂ ಇರಲಿಲ್ಲ.